ಚುಕ್ಕೆ ಇದ್ದ ನಾಣ್ಯ

ಕರಗಿಸುವ ಅಂಗಡಿಗೆ ಬಂದ ಚಿನ್ನಕ್ಕೆ ಮುಖ ಮೂತಿ ಇರುವುದಿಲ್ಲ. ಮುರಿದ ಓಲೆ, ಕೊಂಡಿ ಕಳಚಿದ ಸರ, ಬೆರಳಿಗೆ ಬಿಗಿಯಾದ ಉಂಗುರ, ಹಳೆಯ ನಾಣ್ಯ, ಎಲ್ಲವೂ ಒಂದೇ ಮೂಸೆಗೆ ಬೀಳುತ್ತವೆ. ಮೇಲೊಂದು ಚಿಟಿಕೆ ಬಿಳಿಗಾರ ಉದುರಿಸಿ, ಉರಿ ಏರಿಸಿ, ಅಚ್ಚಿಗೆ ಸುರಿದರೆ ಒಂದು ಗಟ್ಟಿ. ಅದರ ತೂಕ ಇಷ್ಟು, ಶುದ್ಧಿ ಇಷ್ಟು, ಇವತ್ತಿನ ಬೆಲೆ ಇಷ್ಟು. ಅಲ್ಲಿಗೆ ಅದರ ಕಥೆ ಮುಗಿಯಿತು.

ಈ ಕೆಲಸ ಮಾಡುತ್ತಿದ್ದವನನ್ನು ಬೀದಿಯವರು ಕುಲುಮೆ ಅಂತಲೇ ಕರೆಯುತ್ತಿದ್ದರು. ಅವನ ಅಂಗಡಿಯಲ್ಲಿ ಕುಲುಮೆ ಇತ್ತು, ನಿಜ. ಹೆಸರು ಬಂದದ್ದು ಮಾತ್ರ ಅದಕ್ಕಲ್ಲ. ಅವನಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಗಿರಾಕಿ ಕೇಳಿದ್ದನ್ನೇ ಮತ್ತೆ ಕೇಳಿದರೆ ಚಿನ್ನವನ್ನು ಅವರ ಕೈಗೆ ವಾಪಸು ತುರುಕಿ ಬಾಗಿಲು ತೋರಿಸುತ್ತಿದ್ದ. ಆದರೂ ಜನ ಬರುತ್ತಿದ್ದರು. ಅವನ ತಕ್ಕಡಿ ಯಾರಿಗೂ ಮೋಸ ಮಾಡಿದ್ದಿಲ್ಲ.

ಅಂಗಡಿ ಎಂದರೆ ಒಂದು ಉದ್ದನೆಯ ಓಣಿಯ ಕೊನೆಯ ಕೋಣೆ. ಮುಂದೆ ಬೀಗ ರಿಪೇರಿಯವನು, ಅವನ ಹಿಂದೆ ಇವನು. ಒಂದೇ ಕಿಟಕಿ, ಅದಕ್ಕೂ ಹೊಗೆ ಹಿಡಿದ ಗಾಜು. ನೆಲಕ್ಕೆ ಮರದ ಪಟ್ಟಿಗಳನ್ನು ಸಂದು ಬಿಟ್ಟು ಜೋಡಿಸಿದ್ದ. ಚಪ್ಪಲಿಗೆ ಅಂಟಿದ ಪುಡಿಯೂ ಸಂದಿಯಲ್ಲಿ ಬಿದ್ದು ಉಳಿಯಬೇಕು, ಬೀದಿಗೆ ಹೋಗಬಾರದು. ಕೈ ತೊಳೆದ ನೀರನ್ನೂ ಚೆಲ್ಲುತ್ತಿರಲಿಲ್ಲ. ಡ್ರಮ್ಮಿನಲ್ಲಿ ಹಿಡಿದಿಟ್ಟು, ವರ್ಷಕ್ಕೊಮ್ಮೆ ನೀರು ಬಸಿದು, ತಳದ ಕೆಸರಿನಿಂದ ಚಿನ್ನ ತೆಗೆಯುತ್ತಿದ್ದ.

ಕೆಲಸ ಕಲಿಸಿದ್ದು ಅಪ್ಪ. ಬಾಯಿಂದ ಕಲಿಸಿದ್ದಕ್ಕಿಂತ ಇಕ್ಕಳದಿಂದ ಗೆಣ್ಣಿಗೆ ತಟ್ಟಿ ಕಲಿಸಿದ್ದೇ ಹೆಚ್ಚು. ಕರಗಿಸುವ ಚಿನ್ನವನ್ನು ತೊಳೆಯಬೇಡ, ಉರಿಯೇ ತೊಳೆಯುತ್ತದೆ. ಆದರೆ ಯಾರ ಕೈಗಾದರೂ ಕೊಡುವ ಚಿನ್ನವನ್ನು ತೊಳೆಯದೆ, ಹೊಳಪು ಕೊಡದೆ ಕೊಟ್ಟೆಯೋ, ನೀನು ನನ್ನ ಮಗನೇ ಅಲ್ಲ. ಅಪ್ಪ ಹೋದ ಮೇಲೂ ಕುಲುಮೆ ಈ ಮಾತನ್ನು ಮೀರಿದವನಲ್ಲ. ಕೊಂಡಿ ಬೆಸೆಯಲು ಬಂದ ಸರವೂ ಅವನ ಕೈಯಿಂದ ಹೊರಗೆ ಹೋಗುವಾಗ ಹೊಸದರ ಹಾಗೆ ಹೋಗುತ್ತಿತ್ತು.

ಅವನಿಗೆ ಇದ್ದದ್ದು ಒಬ್ಬಳೇ ಅಕ್ಕ. ಅಕ್ಕನ ಗಂಡ ಕನ್ನಡಕದ ಅಂಗಡಿಯವರು. ಗಾಜು ಉಜ್ಜಿ, ಅಂಚು ಕೊರೆದು, ಚೌಕಟ್ಟಿಗೆ ಕೂರಿಸುವುದು ಅವರ ಕೆಲಸ. ಮೆತ್ತಗಿನ ಮನುಷ್ಯ, ನಾಲಿಗೆ ಮಾತ್ರ ಚುರುಕು. ಕೊರಳಲ್ಲಿ ಯಾವಾಗಲೂ ದಾರಕ್ಕೆ ಕಟ್ಟಿದ ಒಂದು ಮಸೂರ ತೂಗುತ್ತಿತ್ತು. ಅದು ಕನ್ನಡಕದ ಕೆಲಸಕ್ಕಲ್ಲ, ನಾಣ್ಯ ನೋಡುವುದಕ್ಕೆ.

ಭಾವನಿಗೆ ನಾಣ್ಯದ ಹುಚ್ಚು. ಸಿಕ್ಕಿದ್ದನ್ನೆಲ್ಲ ಗುಡ್ಡೆ ಹಾಕುವ ಹುಚ್ಚಲ್ಲ. ಒಬ್ಬನೇ ರಾಜ, ಒಂದೇ ಮುಖ, ಒಂದೊಂದು ವರ್ಷಕ್ಕೆ ಒಂದೊಂದು ಚಿನ್ನದ ನಾಣ್ಯ. ಆ ಸಾಲನ್ನು ಅವರು ಮದುವೆಗೆ ಮುಂಚಿನಿಂದಲೂ ಕೂಡಿಸುತ್ತಾ ಬಂದಿದ್ದರು. ಎಲ್ಲ ವರ್ಷವೂ ಸಿಕ್ಕಿತ್ತು, ಒಂದು ಬಿಟ್ಟು. ಅದೂ ವರ್ಷ ಸಿಕ್ಕಿರಲಿಲ್ಲ ಅಂತಲ್ಲ. ಆ ವರ್ಷ ರಾಜನ ನಾಣ್ಯವನ್ನು ಎರಡು ಟಂಕಸಾಲೆಗಳಲ್ಲಿ ಹೊಡೆದಿದ್ದರಂತೆ. ದೊಡ್ಡದರಲ್ಲಿ ಹೊಡೆದವು ಬೇಕಾದಷ್ಟಿವೆ. ಚಿಕ್ಕದರಲ್ಲಿ ಹೊಡೆದದ್ದಕ್ಕೆ ಗುರುತಾಗಿ ರಾಜನ ಕತ್ತಿನ ಕೆಳಗೆ ಒಂದು ಚುಕ್ಕೆ, ಮರಳಿನ ಕಾಳಿನಷ್ಟು. ಆ ಟಂಕಸಾಲೆ ಬೇಗನೆ ಮುಚ್ಚಿತು. ಚುಕ್ಕೆಯ ನಾಣ್ಯಗಳಲ್ಲಿ ಮುಕ್ಕಾಲು ಪಾಲು ಯಾರ ಯಾರದೋ ಮೂಸೆಯಲ್ಲಿ ಕರಗಿ ಹೋದವು. ಉಳಿದ ಕೆಲವನ್ನು ಇಟ್ಟುಕೊಂಡವರು ಬಿಡುವವರಲ್ಲ.

ಆದ್ದರಿಂದ ಭಾವ ಕುಲುಮೆಗೆ ಒಂದು ಮಾತು ಹೇಳಿಟ್ಟಿದ್ದರು. "ನಿನ್ನ ಅಂಗಡಿಗೆ ಯಾವ ನಾಣ್ಯ ಬಂದ್ರೂ ನಂಗೆ ತೋರಿಸದೆ ಕರಗಿಸಬೇಡ ಕಣೋ."

ಕುಲುಮೆ ಬೈದುಕೊಂಡೇ ಒಪ್ಪಿದ್ದ. ವಾರದಲ್ಲಿ ಬಂದ ನಾಣ್ಯಗಳನ್ನು ಗಿರಾಕಿ ತಂದ ಕಾಗದದಲ್ಲೇ, ಮಣ್ಣು ಎಣ್ಣೆ ಜಿಡ್ಡು ಎಲ್ಲ ಇದ್ದ ಹಾಗೆಯೇ ಸುತ್ತಿ ಭಾನುವಾರ ಅಕ್ಕನ ಮನೆಗೆ ಒಯ್ಯುವುದು. ಭಾವ ಕಿಟಕಿಯ ಹತ್ತಿರ ಕೂತು ಮಸೂರ ಹಿಡಿದು ನೋಡುವುದು. ಅಲ್ಲ ಎನ್ನುವುದು. ಸೋಮವಾರ ಅದು ಮೂಸೆಗೆ. ಇದು ಅವರಿಬ್ಬರ ತಲೆ ನರೆಯುವಷ್ಟು ಕಾಲ ನಡೆಯಿತು.

ಆ ಭಾನುವಾರದ ಊಟಗಳಲ್ಲಿ ಜಗಳ ಒಂದೇ.

"ಭಾವ, ಚಿನ್ನ ಅಂದ್ರೆ ಚಿನ್ನ. ಅದ್ರ ಮೇಲೆ ರಾಜನ ಮೂತಿ ಇದ್ರೇನು, ಕೋತಿ ಮೂತಿ ಇದ್ರೇನು? ಬೆಂಕಿಗೆ ಗೊತ್ತಾಗತ್ತಾ?"

"ಬೆಂಕಿಗೆ ಗೊತ್ತಾಗಲ್ಲ. ಅದಕ್ಕೆ ಬೆಂಕೀನ ಯಾರೂ ಊಟಕ್ಕೆ ಕರೆಯಲ್ಲ. ನಿನ್ನೊಬ್ಬನ್ನ ಬಿಟ್ಟು."

"ಅದೇ ತೂಕದ ಗಟ್ಟಿ ಒಂದು ಕಡೆ ಇಡ್ತೀನಿ, ನಿಮ್ಮ ನಾಣ್ಯ ಒಂದು ಕಡೆ ಇಡಿ. ಏನು ವ್ಯತ್ಯಾಸ ಹೇಳಿ ನೋಡೋಣ."

"ಗಟ್ಟೀನ ಇವತ್ತು ಮಾರಿ ನಾಳೆ ಅಂಥದ್ದೇ ಇನ್ನೊಂದು ತರಬಹುದು. ಇದು ಕೈ ಬಿಟ್ರೆ ಹೋಯ್ತು. ಅಷ್ಟೇ ವ್ಯತ್ಯಾಸ." ಭಾವ ನೀರು ಕುಡಿದು ಮುಂದುವರಿಸುತ್ತಿದ್ದರು. "ನಿಮ್ಮಕ್ಕನ್ನ ನಾನೇನು ತೂಕ ನೋಡಿ ಮದುವೆ ಆದ್ನಾ?"

ಅಡಿಗೆಮನೆಯಿಂದ ಅಕ್ಕ: "ತೂಕ ನೋಡಿದ್ರೆ ನೀವು ಆಗ್ತಾನೇ ಇರ್ಲಿಲ್ಲ. ಆಗ ನಾನು ಒಂದು ಹಿಡಿ ಇದ್ದೆ."

"ಈಗ ಮಾರಿದ್ರೆ ಲಾಭ," ಎನ್ನುತ್ತಿದ್ದ ಕುಲುಮೆ. ಅಕ್ಕನ ಸೌಟು ಬಾಗಿಲಲ್ಲಿ ಕಾಣುತ್ತಿತ್ತು. ಮೂವರೂ ನಗುತ್ತಿದ್ದರು.

ಹೀಗಿರುವಾಗ ಭಾವನ ಕಣ್ಣು ಕೆಟ್ಟಿತು.

ಮೊದಲು ಗೊತ್ತಾದದ್ದು ಮೆಟ್ಟಿಲಲ್ಲಿ ಎಡವಿದಾಗ. ಆಮೇಲೆ ಪಕ್ಕದಲ್ಲಿ ನಿಂತ ಗಿರಾಕಿಯನ್ನು ನೋಡದೆ ಅಂಗಡಿ ಬಾಗಿಲು ಹಾಕಿದಾಗ. ಕಣ್ಣಿನ ಒಳಗಿನ ಒತ್ತಡ ಏರಿ ನರ ಒಣಗುತ್ತಿದೆ ಎಂದರು ಡಾಕ್ಟರು. ಹೋದದ್ದು ವಾಪಸು ಬರುವುದಿಲ್ಲ, ಉಳಿದದ್ದು ಎಷ್ಟು ಕಾಲ ಉಳಿಯುತ್ತದೋ ಹೇಳುವ ಹಾಗಿಲ್ಲ. ಹನಿ ಹಾಕಿದರು, ಆಪರೇಷನ್ ಮಾಡಿದರು, ಅಷ್ಟೇ ಆದದ್ದು. ಊರಿಗೆಲ್ಲ ಕನ್ನಡಕ ಮಾಡಿಕೊಟ್ಟವರ ಕಣ್ಣಿಗೆ ಹಾಕುವಂಥ ಗಾಜು ಎಲ್ಲೂ ಇರಲಿಲ್ಲ.

"ಹೇಗೆ ಕಾಣತ್ತೆ ಭಾವ ಈಗ?" ಕುಲುಮೆ ಒಂದು ದಿನ ಕೇಳಿದ.

"ಕೊಳವೆಯೊಳಗಿಂದ ನೋಡಿದ ಹಾಗೆ. ನಿನ್ನ ಮೂಗು ಕಾಣತ್ತೆ, ಕಿವಿ ಕಾಣಲ್ಲ. ಮೂಗಿದ್ರೆ ಸಾಕು ಬಿಡು, ನಿನ್ನ ಕೋಪ ಎಲ್ಲ ಅಲ್ಲೇ ಇರೋದು." ನಕ್ಕರು. ಆಮೇಲೆ ಹೇಳಿದರು: "ಆ ಚುಕ್ಕೇದು ಒಂದು ನೋಡಿಬಿಟ್ಟಿದ್ರೆ ಆಗಿತ್ತು ಕಣೋ. ಇಟ್ಕೊಳ್ಳೋದೂ ಬೇಡ. ಕೈಯಲ್ಲಿ ಹಿಡಿದು ಒಂದು ಸಲ ಸರಿಯಾಗಿ ನೋಡಿದ್ರೆ ಸಾಕು. ಆಮೇಲೆ ಈ ಕಣ್ಣು ಏನಾದ್ರೂ ಆಗ್ಲಿ."

ಭಾವ ಯಾವತ್ತೂ ಯಾರ ಹತ್ತಿರವೂ ಏನೂ ಬೇಕು ಅಂದವರಲ್ಲ. ಆ ಮಾತು ಕುಲುಮೆಯ ಎದೆಗೆ ನಾಟಿತು. ಮಾರನೆಯ ದಿನವೇ ಊರಿನ ಅಕ್ಕಸಾಲಿಗರಿಗೆಲ್ಲ ಹೇಳಿ ಬಂದ. ಹಳೇ ನಾಣ್ಯ ಬಂದರೆ ನನಗೆ ಕಳಿಸಿ, ಕೂಲಿ ಬೇಡ, ಪುಕ್ಕಟೆ ಕರಗಿಸಿ ಕೊಡುತ್ತೇನೆ. ಅವರು ಮುಖ ಮುಖ ನೋಡಿಕೊಂಡರು. ಕುಲುಮೆ ಪುಕ್ಕಟೆ ಎಂಬ ಮಾತನ್ನು ಬಾಯಲ್ಲಿ ಆಡಿದ್ದು ಯಾರೂ ಕೇಳಿರಲಿಲ್ಲ.

ನಾಣ್ಯಗಳು ಬಂದವು. ಭಾನುವಾರಗಳು ಹೋದವು. ಭಾವನ ಕೊಳವೆ ಸಣ್ಣದಾಗುತ್ತಾ ಬಂತು. ಮೊದಲು ಒಂದು ನಾಣ್ಯ ನೋಡಲು ಎಷ್ಟು ಹೊತ್ತು ಬೇಕಾಗುತ್ತಿತ್ತೋ ಈಗ ಅದರ ಅಂಚು ಹುಡುಕಲೇ ಅಷ್ಟು ಹೊತ್ತಾಗುತ್ತಿತ್ತು. ಅವರು ಮಸೂರ ಹಿಡಿದು ತಡಕಾಡುವುದನ್ನು ನೋಡಲಾಗದೆ ಕುಲುಮೆ ಎದ್ದು ಅಡಿಗೆಮನೆಗೆ ಹೋಗಿ ಅಕ್ಕನ ಜೊತೆ ಬಟಾಣಿ ಸುಲಿಯುತ್ತಾ ನಿಲ್ಲುತ್ತಿದ್ದ.

ಆ ನಾಣ್ಯ ಬಂದದ್ದು ಒಂದು ಶುಕ್ರವಾರ, ಊಟದ ಹೊತ್ತು ಮೀರಿದ ಮೇಲೆ. ತಂದವನು ಲಾರಿ ಓಡಿಸುವವನು. ತೀರಿಕೊಂಡ ಚಿಕ್ಕಮ್ಮನ ಡಬ್ಬಿಯಲ್ಲಿ ಸಿಕ್ಕಿದ್ದನ್ನೆಲ್ಲ ಒಂದು ಕರವಸ್ತ್ರದಲ್ಲಿ ಕಟ್ಟಿ ತಂದಿದ್ದ. ತುಂಡಾದ ಸರ, ಒಂಟಿ ಓಲೆ, ನಾಣ್ಯ ಒಂದು.

"ಎಲ್ಲ ಸೇರಿಸಿ ಒಂದು ಗಟ್ಟಿ ಮಾಡಿಕೊಡಿ. ಲಾರಿ ಬೀದಿ ಬಾಯಲ್ಲಿ ನಿಲ್ಲಿಸಿ ಬಂದಿದ್ದೀನಿ."

ಕುಲುಮೆ ನಾಣ್ಯವನ್ನು ಬೆಳಕಿಗೆ ಹಿಡಿದ. ಅದೇ ರಾಜ. ವರ್ಷ ನೋಡಿದ. ಅದೇ ವರ್ಷ. ತನ್ನ ಮಸೂರ ತೆಗೆದು ಸೀದಾ ರಾಜನ ಕತ್ತಿನ ಕೆಳಗೆ ನೋಡಿದ. ಚುಕ್ಕೆ ಇತ್ತು. ಸವೆದಿತ್ತು, ಆದರೆ ಇತ್ತು. ನಾಣ್ಯವನ್ನು ಉಳಿದ ಚಿನ್ನದಿಂದ ದೂರ ಸರಿಸಿಟ್ಟ.

"ಇದನ್ನ ಕರಗಿಸಲ್ಲ," ಅಂದ.

"ಯಾಕೆ, ಖೋಟಾನಾ?"

"ಖೋಟಾ ಅಲ್ಲ. ನಾಣ್ಯದ ಅಂಗಡಿಗೆ ಒಯ್ದು ತೋರಿಸಿ, ತೂಕಕ್ಕಿಂತ ಎಷ್ಟೋ ಪಾಲು ಹೆಚ್ಚು ಕೊಡ್ತಾರೆ. ಮೊದಲೇ ಹೇಳ್ತಿದ್ದೀನಿ, ಆಮೇಲೆ ಕುಲುಮೆ ಮೋಸ ಮಾಡಿದ ಅನ್ನಬೇಡಿ. ಇಲ್ಲಾ ನಂಗೇ ಕೊಡ್ತೀರಿ ಅಂದ್ರೆ ತೂಕದ ಎರಡರಷ್ಟು ಗಟ್ಟಿ ಈಗಲೇ ಕೊಡ್ತೀನಿ."

ಲಾರಿಯವನು ಹೊರಗೆ ನೋಡಿದ. ಯಾರೋ ಹಾರ್ನ್ ಬಾರಿಸುತ್ತಿದ್ದರು. "ಅಂಗಡಿ ಅಂಗಡಿ ಅಲೆಯೋಕೆ ಯಾರಿಗಿದೆ ಪುರುಸೊತ್ತು? ಎರಡರಷ್ಟು ಕೊಡಿ, ಇಟ್ಕೊಳ್ಳಿ. ನಿಮಗೆ ಬೇಕಾದವರಿಗಾ?"

"ನಮ್ಮ ಭಾವಂಗೆ."

"ಭಾವಂಗೆ ಎರಡರಷ್ಟು ಕೊಡೋ ಭಾವಮೈದನ್ನ ಇವತ್ತೇ ನೋಡಿದ್ದು," ಅಂತ ಅವನು ಹಲ್ಲು ಕಿರಿದು ಗಟ್ಟಿ ಜೇಬಿಗೆ ಹಾಕಿಕೊಂಡು ಹೋದ. ಬೇರೆ ದಿನವಾಗಿದ್ದರೆ ಕುಲುಮೆ ಅವನ ಕುತ್ತಿಗೆ ಪಟ್ಟಿ ಹಿಡಿಯುತ್ತಿದ್ದ. ಇವತ್ತು ಅವನೂ ನಕ್ಕ.

ಆ ನಗುವಿನಲ್ಲೇ ಕೈ ಕೆಲಸಕ್ಕೆ ಇಳಿಯಿತು. ಯಾರೂ ಹೇಳಬೇಕಾಗಿರಲಿಲ್ಲ, ಯೋಚನೆಯೂ ಬೇಕಾಗಿರಲಿಲ್ಲ. ಇದು ಮೂಸೆಗೆ ಹೋಗುವ ಚಿನ್ನವಲ್ಲ, ಕೈಗೆ ಕೊಡುವ ಚಿನ್ನ. ಅದೂ ಯಾರ ಕೈಗೆ! ಬಿಸಿನೀರಿಗೆ ಸೋಪಿನ ಪುಡಿ ಹಾಕಿ ನಾಣ್ಯವನ್ನು ಇಳಿಬಿಟ್ಟ. ಕೂದಲಿನ ಬ್ರಷ್ಷಿನಿಂದ ಅಕ್ಷರಗಳ ಸಂದಿ ಸಂದಿಯಲ್ಲಿ ಉಜ್ಜಿದ. ಎಷ್ಟು ಕಾಲದ ಕೊಳೆಯೋ, ನೀರು ಕಪ್ಪಗಾಯಿತು. ಆದರೂ ಅಂಚಿನಲ್ಲಿ ಏನೋ ಕೆಂಪು ಮಸುಕು ಉಳಿದಿತ್ತು. ನೀರು ಬೆರೆಸಿದ ಆಸಿಡ್ಡಿನಲ್ಲಿ ಅದ್ದಿ ತೆಗೆದ. ಮಸುಕು ಹೋಯಿತು. ಆಮೇಲೆ ಮೋಟಾರು ಹಾಕಿ, ತಿರುಗುವ ಉಣ್ಣೆಯ ಚಕ್ರಕ್ಕೆ ಹೊಳಪು ಕೊಡುವ ಕೆಂಪು ಪುಡಿ ಸವರಿ, ನಾಣ್ಯವನ್ನು ಎರಡು ಬೆರಳಲ್ಲಿ ಹಿಡಿದು ಎರಡೂ ಕಡೆ ಹಗುರವಾಗಿ ಒತ್ತಿದ. ಭಾವನ ಕಣ್ಣು ಮಂಜು. ಎಷ್ಟು ಹೊಳೆದರೆ ಅಷ್ಟು ಚೆನ್ನಾಗಿ ಕಂಡೀತು ಎಂದು ಇನ್ನೊಂದು ಸುತ್ತು ಒತ್ತಿದ. ಹತ್ತಿಯಲ್ಲಿ ಒರೆಸಿ ಹಿಡಿದರೆ ಹೊಗೆ ಹಿಡಿದ ಆ ಕೋಣೆಯಲ್ಲಿ ದೀಪ ಹಚ್ಚಿದ ಹಾಗಿತ್ತು. ತನ್ನ ಜೀವಮಾನದಲ್ಲಿ ಇಷ್ಟು ಚೆನ್ನಾಗಿ ಯಾವ ಚಿನ್ನಕ್ಕೂ ಹೊಳಪು ಕೊಟ್ಟಿಲ್ಲ ಎಂದುಕೊಂಡ. ಕೊನೆಗೆ ತೂಗಿ ನೋಡಿದ. ಸಾಸಿವೆ ಕಾಳಿನಷ್ಟೂ ಕಮ್ಮಿಯಾಗಿರಲಿಲ್ಲ.

ಭಾನುವಾರ ಹೊಸ ಅಂಗಿ ಹಾಕಿಕೊಂಡು ಹೋದ. ಬಾಗಿಲು ತೆರೆದ ಅಕ್ಕ ಮೇಲಿಂದ ಕೆಳಗೆ ನೋಡಿದಳು.

"ಏನೋ ಇದು, ಹೆಣ್ಣು ನೋಡೋಕೆ ಹೊರಟಿದ್ದೀಯಾ? ಈ ವಯಸ್ಸಲ್ಲಿ?"

"ಸುಮ್ನಿರೇ. ಭಾವ ಎಲ್ಲಿ?"

ಭಾವ ಕಿಟಕಿಯ ಬಳಿ ಕೂತಿದ್ದರು. ಕುಲುಮೆ ಮಖಮಲ್ಲಿನ ಪುಟ್ಟ ಚೀಲವನ್ನು ಅವರ ಅಂಗೈಯಲ್ಲಿಟ್ಟು ಬೆರಳು ಮಡಚಿದ.

"ಚುಕ್ಕೇದು ಭಾವ."

ಅಕ್ಕ ಕೈ ಒರೆಸಿಕೊಳ್ಳುತ್ತಾ ಓಡಿ ಬಂದಳು. "ನಿಜವಾಗ್ಲೂ? ಆಣೆ ಮಾಡೋ."

"ನಾನೇ ನೋಡಿದ್ದೀನಿ. ಕಣ್ಣಾರೆ. ಕತ್ತಿನ ಕೆಳಗೇ ಇದೆ."

ಭಾವ ಚೀಲ ಬಿಚ್ಚಿದರು. ನಾಣ್ಯ ಅಂಗೈಗೆ ಬಿತ್ತು. ಅದನ್ನು ನೋಡುವ ಮುಂಚೆಯೇ, ಹೆಬ್ಬೆರಳು ಅದರ ಮೇಲೆ ಆಡಿದ ಕೂಡಲೇ, ಅವರ ಮುಖದ ಕಳೆ ಇಳಿಯಿತು. ಅವರು ಬೆರಳನ್ನು ಇನ್ನೊಮ್ಮೆ ಆಡಿಸಿದರು. ಆಮೇಲೆ ಮಸೂರ ತೆಗೆದು, ಕಿಟಕಿಗೆ ತಿರುಗಿ, ಉಳಿದಿದ್ದ ಆ ಚೂರು ಕಣ್ಣನ್ನು ನಾಣ್ಯದ ಮೇಲೆ ತಂದು ನಿಲ್ಲಿಸಿ ನೋಡಿದರು. ಬಹಳ ಹೊತ್ತು ನೋಡಿದರು.

"ತುಂಬಾ ಹೊಳೀತಿದೆ," ಅಂದರು.

"ಮತ್ತೆ! ಚಕ್ರಕ್ಕೆ ಕೊಟ್ಟು ತಂದಿದ್ದೀನಿ. ನಿಮಗೆ ಚೆನ್ನಾಗಿ ಕಾಣಲಿ ಅಂತ."

"ಹೂಂ."

"ಏನು ಹೂಂ? ಚುಕ್ಕೆ ಕಂಡ್ತಾ?"

ಭಾವ ಮಸೂರ ಕೆಳಗಿಟ್ಟರು. "ಚೆನ್ನಾಗಿದೆ ಕಣೋ. ಬಾ, ಊಟ ಮಾಡೋಣ."

"ಊಟ ಓಡಿ ಹೋಗಲ್ಲ. ಚುಕ್ಕೆ ಕಂಡ್ತಾ ಅಂತ ಕೇಳಿದೆ."

"ಇತ್ತೋ ಏನೋ. ಈಗ ಇಲ್ಲ."

"ಇಲ್ಲ ಅಂದ್ರೆ?"

"ಸವೆದ ನಾಣ್ಯ ಅಲ್ವಾ. ಚಕ್ರ ಹಾಕಿದಾಗ ಹೋಗಿದೆ. ಅದು ಎಷ್ಟು ಮಹಾ ಎತ್ತರ ಇರತ್ತೆ." ಭಾವ ಮೆಲ್ಲಗೆ ಹೇಳುತ್ತಿದ್ದರು, ತಪ್ಪು ಮಾಡಿದವರು ತಾವೇ ಎಂಬ ಹಾಗೆ. "ಚುಕ್ಕೆ ಒಂದೇ ಅಲ್ಲ, ಮೇಲಿನ ಚರ್ಮಾನೇ ಹೋಗಿದೆ. ಹಳೇ ನಾಣ್ಯದ ಮೈಮೇಲೆ ಒಂದು ಕೆಂಪು ಕೂತಿರತ್ತೆ, ಅಕ್ಷರದ ಸುತ್ತ. ಅದು ಕೊಳೆ ಅಲ್ಲ ಕಣೋ. ಅದನ್ನ ತೊಳೆಯಬಾರದು. ನಾನು ನಿಂಗೆ ಹೇಳಬೇಕಿತ್ತು. ನೀನು ಯಾವಾಗಲೂ ಇದ್ದ ಹಾಗೇ ತರ್ತಿದ್ದೆ, ಅದಕ್ಕೆ ಹೇಳೋ ಯೋಚನೆನೇ ಬರ್ಲಿಲ್ಲ."

ಕುಲುಮೆಗೆ ಅರ್ಥವಾದದ್ದು ಒಂದೇ: ತಾನು ತಂದದ್ದು ಬೇಡವಾಯಿತು. ಊರೆಲ್ಲ ಅಲೆದು, ಎರಡರಷ್ಟು ಕೊಟ್ಟು, ಜೀವ ತೇಯ್ದು ಹೊಳಪು ಕೊಟ್ಟು ತಂದದ್ದು. ಮೂಗಿನ ತುದಿಗೆ ರಕ್ತ ಏರಿತು.

"ಚುಕ್ಕೆ ಇದೆ!"

"ಇಲ್ಲ ಕಣೋ."

"ಇದೆ ಅಂದ್ರೆ ಇದೆ! ಚುಕ್ಕೆ ಎಲ್ಲೂ ಹೋಗಿಲ್ಲ ಭಾವ, ನಿಮ್ಮ ಕಣ್ಣು ಹೋಗಿದೆ!"

ಭಾವ ಕೊರಳಿನ ದಾರವನ್ನು ತಲೆಯ ಮೇಲಿಂದ ತೆಗೆದು ಮಸೂರವನ್ನು ಕುಲುಮೆ ಕಡೆಗೆ ಚಾಚಿದರು. ಚಾಚಿದ ಕೈ ಅವನಿದ್ದ ಕಡೆಗಿಂತ ಸ್ವಲ್ಪ ಪಕ್ಕಕ್ಕೆ ಹೋಗಿತ್ತು. ಅಕ್ಕ ಅದನ್ನು ಈಸಿಕೊಂಡು ತಮ್ಮನ ಕೈಗೆ ಕೊಟ್ಟಳು. ಅವನ ಮುಖ ನೋಡಲಿಲ್ಲ.

ಕುಲುಮೆ ನೋಡಿದ. ರಾಜನ ಕತ್ತಿನ ಕೆಳಗೆ ಕನ್ನಡಿಯಂತೆ ನುಣ್ಣಗಿತ್ತು. ತಿರುಗಿಸಿ ನೋಡಿದ, ಕಿಟಕಿಗೆ ಹತ್ತಿರ ಹೋಗಿ ನೋಡಿದ, ಅಂಗಿಯಲ್ಲಿ ಮಸೂರ ಒರೆಸಿ ನೋಡಿದ. ಏನೂ ಇರಲಿಲ್ಲ. ಕಂಡದ್ದು ಅವನದೇ ಚಕ್ರದ ಸಣ್ಣ ಸಣ್ಣ ಗೆರೆಗಳು, ಎಲ್ಲವೂ ಒಂದೇ ಕಡೆಗೆ.

ನಾಣ್ಯವನ್ನು ಹಿಡಿದುಕೊಂಡೇ, ಊಟಕ್ಕೆ ನಿಲ್ಲದೆ ಹೊರಟು ಬಂದ. ಯಾರೂ ತಡೆಯಲಿಲ್ಲ.

ಮಾರನೆಯ ದಿನ ಅಂಗಡಿ ತೆರೆಯಲಿಲ್ಲ. ನಾಣ್ಯ ಜೇಬಿಗೆ ಹಾಕಿಕೊಂಡು ದೊಡ್ಡ ಬೀದಿಯ ನಾಣ್ಯದ ವ್ಯಾಪಾರಿಯ ಹತ್ತಿರ ಹೋದ. ಗಾಜಿನ ಪೆಟ್ಟಿಗೆಗಳ ಹಿಂದೆ ಕೂತಿದ್ದ ಆ ಸಣಕಲ ಮನುಷ್ಯ ಕೈಯಲ್ಲಿ ಮಸೂರ ಹಿಡಿದೇ ಇದ್ದ. ಕುಲುಮೆಯ ನಾಣ್ಯ ನೋಡಿದವನು ಮಸೂರವನ್ನು ಪಕ್ಕಕ್ಕಿಟ್ಟು ತಕ್ಕಡಿ ಎಳೆದುಕೊಂಡ.

"ತೂಗೋದು ನಂಗೂ ಗೊತ್ತು," ಕುಲುಮೆ ಗುರುಗುಟ್ಟಿದ. "ನೋಡಿ ಅದನ್ನ."

"ನೋಡಿದೆನಲ್ಲ. ತೊಳೆದಿದ್ದೀರಿ."

"ಚುಕ್ಕೇದು ಅದು."

"ಆಗಿರಬಹುದು. ನಾನು ಹಾಗೆ ಅಂತ ಇನ್ನೊಬ್ಬರಿಗೆ ಹೇಗೆ ಹೇಳ್ಲಿ? ತೂಕಕ್ಕೆ ತಗೋತೀನಿ, ಇವತ್ತಿನ ಬೆಲೆಗೆ. ಆದ್ರೆ ಆ ಕೆಲಸಕ್ಕೆ ನಾನ್ಯಾಕೆ, ಯಾರಾದ್ರೂ ಕರಗಿಸೋರ ಹತ್ತಿರ ಹೋಗಿ."

ಜೀವನವಿಡೀ ಕುಲುಮೆ ಬೇರೆಯವರ ವಸ್ತುವನ್ನು ಹೀಗೇ ತಕ್ಕಡಿಗೆ ಹಾಕಿದ್ದ. ಅಜ್ಜಿಯ ಬಳೆ ಎಂದವರಿಗೆ, ತಾಯಿಯ ಓಲೆ ಎಂದವರಿಗೆ, ತೂಕ ಹೇಳಿ ಸುಮ್ಮನಾಗಿದ್ದ. ಅವರಲ್ಲಿ ಕೆಲವರು ಯಾಕೆ ಹಾಗೆ ಮುಖ ತಿರುಗಿಸಿ ನಿಲ್ಲುತ್ತಿದ್ದರು ಎಂದು ಅವನಿಗೆ ಇವತ್ತು ಗೊತ್ತಾಯಿತು. ನಾಣ್ಯ ಎತ್ತಿಕೊಂಡ. "ಬೇರೆ ಇದೆಯಾ ಅಂಥದ್ದು?"

"ನಂಗೆ ಗೊತ್ತಿರೋದು ಒಂದು ಇದೆ. ದೂರದಲ್ಲಿ, ಒಬ್ಬರ ಮನೇಲಿ. ತೋರಿಸೋದೂ ಇಲ್ಲ ಅವರು."

ಎರಡು ಭಾನುವಾರ ಕುಲುಮೆ ಅಕ್ಕನ ಮನೆಗೆ ಹೋಗಲಿಲ್ಲ. ಗಿರಾಕಿಗಳ ಮೇಲೆ ರೇಗಲಿಲ್ಲ ಕೂಡ. ಬೀಗದವನು ಹೆದರಿ, ಮೈ ಹುಷಾರಿಲ್ಲವೇ ಎಂದು ಕೇಳಿದ. ನಾಣ್ಯವನ್ನು ಕರಗಿಸೋಣ ಎಂದು ಒಮ್ಮೆ ಮೂಸೆಗೆ ಹಾಕಿದ. ಉರಿ ಹಚ್ಚಲಾಗದೆ ತೆಗೆದ.

ಕೊನೆಗೆ ಅಕ್ಕನೇ ಅಂಗಡಿಗೆ ಬಂದಳು. ಅವಳು ಆ ಓಣಿಗೆ ಕಾಲಿಟ್ಟು ವರ್ಷಗಳಾಗಿತ್ತು. ಮರದ ಪಟ್ಟಿಗಳ ಮೇಲೆ ನಿಂತು ಏದುಸಿರು ಬಿಟ್ಟಳು.

"ಊಟಕ್ಕೆ ಯಾಕೆ ಬರ್ತಿಲ್ಲ?"

"ಯಾವ ಮುಖ ಇಟ್ಕೊಂಡು ಬರ್ಲೇ?"

"ಇರೋ ಮುಖಾನೇ ಇಟ್ಕೊಂಡು ಬಾ. ಅವರಿಗೆ ಈಗ ಅದೂ ಕಾಣಲ್ಲ." ಹೇಳಿದವಳು ತುಟಿ ಕಚ್ಚಿಕೊಂಡಳು. "ಬೆಳಕು, ನೆರಳು, ಅಷ್ಟೇ ಗೊತ್ತಾಗೋದು. ಹೋದ ವಾರ ಹಾಗಾಯ್ತು. ದಿನಾ ಕೇಳ್ತಾರೆ, ಕುಲುಮೆ ಬಂದ್ನಾ ಅಂತ," ಅಂದಳು.

"ನಾನು ಅಂದಿದ್ದಕ್ಕೆ..."

"ನೀನು ಅಂದಿದ್ದು ನಾನು ಮರೆಯಲ್ಲ. ಅವರು ಮರೆತಿದ್ದಾರೆ ಅಂತ ಸುಳ್ಳೂ ಹೇಳಲ್ಲ. ಆದ್ರೂ ಬಾ."

ಭಾನುವಾರ ಹೋದ. ಹಳೆಯ ಅಂಗಿಯಲ್ಲೇ. ಭಾವ ಈಗ ಕಿಟಕಿಗೆ ಬೆನ್ನು ಹಾಕಿ ಕೂತಿದ್ದರು. ಬೆಳಕು ಯಾವ ಕಡೆಯಿಂದ ಬಂದರೇನು ಎಂಬ ಹಾಗೆ. ಮೆಟ್ಟಿನ ಸದ್ದಿಗೇ ಗುರುತು ಹಿಡಿದರು.

"ಬಾಪ್ಪಾ. ನಿನ್ನ ಪಾಲಿನದೂ ನಾನೇ ತಿಂದು ತಿಂದು ನಿಮ್ಮಕ್ಕನ ತೂಕಕ್ಕೆ ಬಂದಿದ್ದೀನಿ."

ಅಕ್ಕನ ಸೌಟು ಈ ಸಲ ಬಾಗಿಲಲ್ಲಿ ಕಾಣಲಿಲ್ಲ. ಕುಲುಮೆ ಎದುರಿಗೆ ಕೂತ. ಕ್ಷಮಿಸಿ ಎನ್ನಬೇಕು ಎಂದು ದಾರಿಯುದ್ದಕ್ಕೂ ಹೇಳಿಕೊಂಡು ಬಂದಿದ್ದ. ಬಾಯಿ ಬಿಡುವ ಮುಂಚೆ ಭಾವನೇ ಕೇಳಿದರು.

"ಒಂದು ವಿಷಯ ಹೇಳು. ಇಷ್ಟು ದಿನ ಅದನ್ನೇ ಕೇಳಬೇಕು ಅಂತ ಕಾಯ್ತಿದ್ದೆ. ತೊಳೆಯೋಕೆ ಮುಂಚೆ ನೀನು ಅದನ್ನ ನೋಡಿದ್ಯಲ್ಲ?"

"ನೋಡಿದ್ದೆ ಭಾವ."

"ಹೇಗಿತ್ತು?"

ಭಾವ ಮುಂದಕ್ಕೆ ಬಾಗಿದ್ದರು. ಮುಖ ಅವನ ಕಡೆಗೆ ತಿರುಗಿತ್ತು, ಕಣ್ಣು ಅವನ ಭುಜದಾಚೆ ಎಲ್ಲೋ ಇತ್ತು. ಅವರು ನೋಡಲಾಗದ್ದನ್ನು ನೋಡಿದವನು ಕುಲುಮೆ ಒಬ್ಬನೇ. ಅದನ್ನು ಅವನ ಬಾಯಿಂದಾದರೂ ನೋಡಬೇಕು ಎಂದು ಕೂತಿದ್ದರು.

"ಚುಕ್ಕೆ ಇತ್ತು. ಕತ್ತಿನ ಕೆಳಗೆ."

"ಅದು ಸರಿ. ಗುಂಡಗಿತ್ತಾ? ಒಂದು ಪಕ್ಕ ಸವೆದು ಓರೆ ಆಗಿತ್ತಾ?"

"ಸವೆದಿತ್ತು."

"ಕೂದಲಲ್ಲಿ ಗೆರೆ ಉಳಿದಿತ್ತಾ? ಕಿವಿಯ ಹಿಂದೆ ಕೆಂಪು ಇರಬೇಕಿತ್ತಲ್ಲ, ಇತ್ತಾ? ಹಿಂದಿನ ಕಡೆ ಕಿರೀಟದ ಮೇಲಿನ ಮಣಿಗಳು? ಆ ಚಿಕ್ಕ ಟಂಕಸಾಲೆಯ ಅಚ್ಚು ಸ್ವಲ್ಪ ಬೇರೆ ಅಂತ ಹೇಳ್ತಾರೆ. ಮಣಿ ಹೇಗಿತ್ತು ಕಣೋ?"

ಕುಲುಮೆ ಕಣ್ಣು ಮುಚ್ಚಿ ನೆನೆಸಿಕೊಂಡ. ಶುಕ್ರವಾರದ ಬೆಳಕು, ಲಾರಿಯವನ ಕರವಸ್ತ್ರ, ವರ್ಷ, ಚುಕ್ಕೆ. ಆಮೇಲೆ ಸೋಪಿನ ನೊರೆ. ನಡುವೆ ಏನೂ ಇರಲಿಲ್ಲ. ನಾಣ್ಯವನ್ನು ಹಿಂದಕ್ಕೆ ತಿರುಗಿಸಿ ನೋಡಿದ ನೆನಪೇ ಇರಲಿಲ್ಲ. ಸುಳ್ಳು ಹೇಳಬಹುದಿತ್ತು. ಭಾನುವಾರ ಭಾನುವಾರ ಆ ರಾಜನ ಮುಖವನ್ನು ಅವನೂ ಸಾಕಷ್ಟು ಕಂಡಿದ್ದ. ಒಂದರ ಕೂದಲು, ಇನ್ನೊಂದರ ಕಿವಿ, ಮತ್ತೊಂದರ ಕೆಂಪು ಸೇರಿಸಿ ಹೇಳಿದ್ದರೆ ಭಾವ ನಂಬುತ್ತಿದ್ದರೋ ಏನೋ. ಮಾತು ನಾಲಿಗೆಯವರೆಗೆ ಬಂತು.

"ನಾನು ನೋಡಲಿಲ್ಲ ಭಾವ," ಅಂದ. "ಚುಕ್ಕೆ ಕಂಡ ಕೂಡಲೇ ನೀರಿಗೆ ಹಾಕಿದೆ. ಬೇರೆ ಏನೂ ನೋಡಲಿಲ್ಲ."

ಭಾವ ಬಾಗಿದ್ದವರು ಮೆಲ್ಲಗೆ ಹಿಂದಕ್ಕೆ ಒರಗಿದರು. ತಲೆ ಅಲ್ಲಾಡಿಸಿದರು, ಹೌದು ಎನ್ನುವ ಹಾಗೆ.

"ಇರ್ಲಿ ಬಿಡು. ಖುಷಿಯಾಗಿತ್ತಲ್ಲ ನಿಂಗೆ. ಖುಷೀಲಿ ಯಾರು ನೋಡ್ತಾರೆ."

ಒಳಗಿನಿಂದ ಅಕ್ಕ ಊಟಕ್ಕೆ ಕರೆದಳು. ಭಾವ ಕುರ್ಚಿಯ ಕೈ ಹಿಡಿದು ಎದ್ದರು. ಕುಲುಮೆ ಧಾವಿಸಿ ಅವರ ಮೊಣಕೈಗೆ ಕೈ ಕೊಟ್ಟ. ಅವರು ಅದನ್ನು ಬಿಡಿಸಿಕೊಳ್ಳಲೂ ಇಲ್ಲ, ಅದರ ಮೇಲೆ ಭಾರ ಹಾಕಲೂ ಇಲ್ಲ. ಗೋಡೆಯನ್ನು ಇನ್ನೊಂದು ಕೈಯಲ್ಲಿ ಸವರುತ್ತಾ ಅಡಿಗೆಮನೆಯ ಕಡೆಗೆ ಹೊರಟರು. ಜೊತೆಯಲ್ಲಿ ಹೆಜ್ಜೆ ಹಾಕುತ್ತಾ ಕುಲುಮೆ ತೊಳೆಯುವ ಮುಂಚಿನ ಆ ನಾಣ್ಯದ ಹಿಂಬದಿಯನ್ನು ನೆನಪಿಗೆ ತಂದುಕೊಳ್ಳಲು ಮತ್ತೆ ಮತ್ತೆ ನೋಡಿದ.